ಲಂಬಕೋನವಲ್ಲದ ತ್ರಿಭುಜ

ಈ ಸಂಗತಿ ನೆನೆದರೆ ಈಗಲೂ ಮೈ ಉರಿಯುತ್ತದೆ. ಮೇಡ್ಲೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಹತ್ತನೇ ತರಗತಿಗೆ ಗಣಿತ ಕಲಿಸುತ್ತೇನೆ. ಬೋರ್ಡ್ ಪರೀಕ್ಷೆಗೆ ಮೊದಲು ಪೂರ್ವಸಿದ್ಧತಾ ಪರೀಕ್ಷೆ ಇರುತ್ತದೆ. ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತದೆ, ಉತ್ತರಪತ್ರಿಕೆಗಳನ್ನು ಬೇರೆ ಶಾಲೆಯವರು ತಿದ್ದುತ್ತಾರೆ. ಆ ಸಲ ಮೂರು ಅಂಕದ ಪ್ರಶ್ನೆಯೊಂದಿತ್ತು: (1, 2), (4, 6), (0, 8) ಬಿಂದುಗಳು ಲಂಬಕೋನ ತ್ರಿಭುಜದ ಶೃಂಗಗಳೆಂದು ಸಾಧಿಸಿ.

ಅವು ಅಲ್ಲ. ಒಂಬತ್ತು ಇರಬೇಕಾದಲ್ಲಿ ಎಂಟು ಅಚ್ಚಾಗಿತ್ತು. ಬಾಹುಗಳ ವರ್ಗ ತೆಗೆದರೆ 25, 20, 37 ಬರುತ್ತದೆ. ಸಣ್ಣವೆರಡು ಕೂಡಿದರೆ ದೊಡ್ಡದಕ್ಕೆ ಸಮನಾಗಬೇಕು. ಇಲ್ಲಿ 45 ಆಗುತ್ತದೆ.

ನನ್ನ ತರಗತಿಯಲ್ಲಿ ಅದನ್ನು ಹಿಡಿದವಳು ಒಬ್ಬಳೇ, ಕೇಳಿದ್ದಕ್ಕಷ್ಟೇ ಬಾಯಿ ಬಿಡುವ ಹುಡುಗಿ. ಪುಟದ ಅಂಚಿನಲ್ಲಿ ಮೂರು ಸಲ ಲೆಕ್ಕ ಮಾಡಿ, ‘ಇದು ಲಂಬಕೋನ ತ್ರಿಭುಜ ಅಲ್ಲ’ ಎಂದು ಬರೆದಿದ್ದಳು. ಉಳಿದವರು ನಾವು ಕಲಿಸಿದಂತೆ ಮಾಡಿದ್ದರು. ಲೆಕ್ಕ ಬರದಿದ್ದರೂ ಕೊನೆಯ ಸಾಲು ಬರೆಯಿರಿ, ಅದಕ್ಕೆ ಅಂಕವಿದೆ ಎಂದು ನಾವೆಲ್ಲ ಹೇಳಿಕೊಡುತ್ತೇವೆ; ಫಲಿತಾಂಶ ಬಿದ್ದರೆ ನೋಟಿಸು ಬರುವುದು ನಮಗೆ. ಅವರು 37ನ್ನು 45 ಮಾಡಿ, ‘ಆದ್ದರಿಂದ ಲಂಬಕೋನ ತ್ರಿಭುಜ’ ಎಂದು ಮುಗಿಸಿದ್ದರು. ಅವರಿಗೆ ಮೂರಕ್ಕೆ ಮೂರು ಸಿಕ್ಕಿತು, ಅವಳಿಗೆ ಸೊನ್ನೆ.

ಅವಳ ಉತ್ತರಪತ್ರಿಕೆ ಹಿಡಿದು ರಾಣೆಬೆನ್ನೂರಿನ ಬಸ್ ಹತ್ತಿದೆ. ತಿದ್ದಿದವರು ಅಲ್ಲಿನ ಶಾಲೆಯ ಹಿರಿಯ ಶಿಕ್ಷಕರು.

“ಲೆಕ್ಕ ಖರೇ ಐತ್ರಿ ಮೇಡಂ. ಆದ್ರ ಕೀ ಉತ್ತರದಾಗ ಲಂಬಕೋನ ಅಂತ ಐತಿ. ನಾ ಏನ್ ಮಾಡ್ಲಿ?”

“ಮತ್ತ ಸುಳ್ಳ ಲೆಕ್ಕ ಬರದವರಿಗೆ ಮೂರು ಹೆಂಗ ಕೊಟ್ರಿ?”

“ಕೊನೀ ಸಾಲು ಹೊಂದತೈತಲ್ರಿ. ನೀವು ಬ್ಯಾಡಗಿಯವರಲ್ಲೇನ್ರಿ? ನಿಮ್ಮೂರ ಮೆಣಸಿನಕಾಯಿ ಹಂಗ ನಿಮ್ಮ ಸಿಟ್ಟು, ಬಣ್ಣ ಭಾಳ, ಖಾರ ಕಡಿಮಿ. ಚಾ ಕುಡೀರಿ.”

ಚಹಾ ಮುಟ್ಟದೆ ಎದ್ದು ಬಂದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಚಹಾ ಕೊಡುತ್ತಾನೆ.

ಮರುದಿನ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. “ನಂದು ಎಲ್ಲಿ ತಪ್ಪೈತ್ರಿ ಅಕ್ಕೋರ?”

“ತಪ್ಪಿಲ್ಲವ್ವ. ಆದ್ರ ಬೋರ್ಡ್ ಪರೀಕ್ಷೆಯಾಗ ಹಿಂಗ ಮಾಡಬ್ಯಾಡ. ಲೆಕ್ಕ ಏನರ ಬರ್ಲಿ, ಅವರು ಕೇಳಿದಂಗ ಲಂಬಕೋನ ಅಂತ ಬರದುಬಿಡು. ಅಂಕ ಯಾಕ ಕಳ್ಕೋತಿ?”

ತಲೆಯಾಡಿಸಿ ಹೋದಳು. ನನಗೆ ಸಮಾಧಾನವಾಗಲಿಲ್ಲ. ವಾರ ಬಿಟ್ಟು ನಾನೇ ಒಂದು ಕಿರುಪರೀಕ್ಷೆ ಕೊಟ್ಟೆ: (1, 1), (5, 3), (2, 8) ಲಂಬಕೋನ ತ್ರಿಭುಜವೇ, ಪರೀಕ್ಷಿಸಿ. ಅಲ್ಲ ಎಂದು ಬರೆದವರಿಗೆ ಪೂರ್ತಿ ಅಂಕ ಎಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ನಿಜ ಹೇಳುತ್ತೇನೆ, ಆ ಪ್ರಶ್ನೆ ಹಾಕಿದ್ದು ಅವಳೊಬ್ಬಳಿಗಾಗಿ. 20, 34 ಕೂಡಿದರೆ 54 ಬರುತ್ತದೆ, ಮೂರನೆಯದು 50.

ಅವಳ ಹಾಳೆಯಲ್ಲಿ 50 ಇತ್ತು, ದುಂಡಗಿನ ಅಕ್ಷರದಲ್ಲಿ. ಅದಕ್ಕೆ ಅಡ್ಡಗೆರೆ ಎಳೆದು 54 ಎಂದು ಬರೆದಿದ್ದಳು. ಕೆಳಗೆ, ‘ಆದ್ದರಿಂದ ಲಂಬಕೋನ ತ್ರಿಭುಜ.’

“ಸರಿ ಬಂದಿತ್ತಲ್ಲವ್ವ, ಯಾಕ ಹೊಡದಿ?”

“ಬಂದಿತ್ರಿ. ಆಮ್ಯಾಲೆ ನೀವು ಹೇಳಿದ್ದು ನೆಪ್ಪಾತ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಹೇಳಿದ ಮಾತು ಕೇಳಿದ್ದೇನೆಂಬ ನೆಮ್ಮದಿಯಿತ್ತು. ಅಲ್ಲಿಯವರೆಗೆ ರಾಣೆಬೆನ್ನೂರಿನ ಆ ಮನುಷ್ಯನ ಮೇಲೆ ಹಲ್ಲು ಕಡಿಯುತ್ತಿದ್ದೆ. ಆದರೆ ಆ 50ರ ಮೇಲೆ ಗೆರೆ ಎಳೆಸಿದವಳು ನಾನು.