ದಿಣ್ಣೆ ಹತ್ತಿದ ಪುಟ್ಟ ಮಕ್ಕಳು

ತಿರುಮಕೂಡಲು ನರಸೀಪುರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ, ನನಗೆ ಓದುಬರಹ ಬರುತ್ತದೆ ಎಂಬುದನ್ನು ನಮ್ಮತ್ತೆ ಅಕ್ಕಪಕ್ಕದವರಿಗೆ ತಿಳಿಯಗೊಟ್ಟಿರಲಿಲ್ಲ. ಓದಿದ ಹೆಣ್ಣು ಒಲೆಯ ಮುಂದೆ ನಿಲ್ಲುವುದಿಲ್ಲ ಎಂದು ಜನ ಆಡಿಕೊಂಡಾರೆಂಬ ಅಂಜಿಕೆ ಅವರದು. ನನ್ನ ತಂದೆ ನಂಜನಗೂಡಿನಲ್ಲಿ ಮೇಷ್ಟರಾಗಿದ್ದರು. ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನೂ ಕಳಿಸಿದ್ದರು. ಗಂಡ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತೆ. ಗುಟ್ಟು ಅವರ ಬಾಯಲ್ಲಿ ನಿಲ್ಲಲಿಲ್ಲ.

ಊರಿನ ಕೆಲವು ವರ್ತಕರೂ ರೈತರೂ ಸೇರಿ ಒಂದು ಧರ್ಮದ ಸಂಘ ಕಟ್ಟಿಕೊಂಡಿದ್ದರು. ದಿಣ್ಣೆಯ ಮೇಲಿನ ಹಳೆಯ ಛತ್ರವನ್ನು ಅವರೇ ನೋಡಿಕೊಳ್ಳುತ್ತಿದ್ದರು. ಬರಗಾಲದಲ್ಲಿ ಗಂಜಿ ಹಾಕಿಸುತ್ತಿದ್ದರು. ಸಂಘದ ಹಿರಿಯರು ಬೆಲ್ಲದ ವ್ಯಾಪಾರಿ, ಎಪ್ಪತ್ತರ ಹತ್ತಿರದ ಮುದುಕರು. ಅವರು ಒಂದು ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕೂತರು.

"ತಂಗ್ಯವ್ವಾ, ನಿನ್ನ ಸೊಸೇನ ಬೆಳಗಿನ ಹೊತ್ತು ನಮಗೆ ಕೊಡಬೇಕಲ್ಲ" ಎಂದರು ಅತ್ತೆಗೆ. "ನಾಟಿಗೆ ಹೋಗೋ ಹೆಂಗಸ್ರು ಎಳೇ ಮಕ್ಕಳನ್ನ ಬದುವಿನ ಮೇಲೆ ಮಲಗಿಸಿ ಹೋಗ್ತಾರೆ. ಶಾಲೆಗೆ ಸೇರಿಸೋ ವಯಸ್ಸಲ್ಲ, ಮನೇಲಿ ನೋಡೋರಿಲ್ಲ. ಅವಕ್ಕೆ ನಾಕಕ್ಷರ, ನಾಕು ಹಾಡು ಹೇಳಿಕೊಡೋರು ಬೇಕು."

"ಅವಳಿಗೆ ಅಕ್ಷರ ಬತ್ತದೆ ಅಂತ ಯಾರು ಹೇಳಿದ್ರು?"

"ನಿನ್ನ ಮಗನೇ ಕಣವ್ವ."

ಅತ್ತೆ ಒಳಗೆ ನೋಡಿದರು. ಗಂಡ ರುಮಾಲು ಸುತ್ತಿಕೊಳ್ಳುವುದರಲ್ಲಿ ಮುಳುಗಿಹೋಗಿದ್ದರು.

ಹೊಳೆಯ ಪಕ್ಕದ ಬೆಸ್ತರ ಕೇರಿಗೆ ಹೊಂದಿಕೊಂಡ ಒಂದು ಮಣ್ಣಿನ ಮನೆಯಲ್ಲಿ ನಮ್ಮ ಮಕ್ಕಳ ಮನೆ ಶುರುವಾಯಿತು. ಮೊದಲ ದಿನ ಒಂದು ಮಗು ಅತ್ತದ್ದಕ್ಕೆ ಎಲ್ಲವೂ ಅತ್ತವು. ಕೊನೆಗೆ ನನಗೂ ಅಳು ಬಂತು. ಅದನ್ನು ಕಂಡು ಅವು ಬೆರಗಾಗಿ ಸುಮ್ಮನಾದವು. ಹೊಳೆಯ ಮರಳನ್ನು ನೆಲದ ಮೇಲೆ ಹರವಿ ಅದರಲ್ಲಿ ಬೆರಳಾಡಿಸಿ ಅಕ್ಷರ ತಿದ್ದಿಸುತ್ತಿದ್ದೆ. ಎಣಿಸಲು ಹುಣಸೆ ಬೀಜ. ಮಧ್ಯಾಹ್ನ ಸಂಘದಿಂದ ರಾಗಿ ಅಂಬಲಿ ಬರುತ್ತಿತ್ತು. ಅದನ್ನು ಕುಡಿದು ಮೂತಿಗೆಲ್ಲ ಮೆತ್ತಿಕೊಂಡು, ಕೂತಲ್ಲೇ ತೂಕಡಿಸಿ ಒಬ್ಬರ ಮೇಲೊಬ್ಬರು ಒರಗುತ್ತಿದ್ದವು.

ಅವರೆಲ್ಲರಿಗೂ ಯಜಮಾನಿ ಬೆಸ್ತರ ಹುಡುಗಿ ಒಬ್ಬಳು. ಐದು ತುಂಬಿತ್ತೋ ಇಲ್ಲವೋ, ಬಾಯಿ ಮಾತ್ರ ಐವತ್ತರದು. ಕಣ್ಣು ಕಾಣದ ಅಜ್ಜಿಯ ಕೈ ಹಿಡಿದು ನಡೆಸಿ ರೂಢಿಯಾಗಿ, ಲೋಕವನ್ನೆಲ್ಲ ತಾನೇ ನಡೆಸಬೇಕೆಂದು ತಿಳಿದಿದ್ದಳು. ಹಿರಿಯರು ಬಾಗಿಲಲ್ಲಿ ನಿಂತು ಕೆಮ್ಮಿದರೆ, "ಕೂತ್ಕೊಂಡು ಕೆಮ್ಮು ತಾತ, ಪಾಠ ನಡೀತಾ ಅದೆ" ಎನ್ನುತ್ತಿದ್ದಳು. ಅವರು ಕೂತು ಕೆಮ್ಮುತ್ತಿದ್ದರು.

ಒಂದು ದಿನ ಮಕ್ಕಳು ಮಲಗಿದ್ದಾಗ ಹಿರಿಯರು ನನ್ನನ್ನು ಹೊರಗೆ ಕರೆದು ಹೊಳೆಯ ಕಡೆ ಕೈ ತೋರಿಸಿದರು. "ಮಗಳೇ, ಅಕ್ಷರ ಕಲಿಸ್ತಿದೀಯ, ಸಂತೋಷ. ಇನ್ನೊಂದನ್ನೂ ಕಲಿಸು. ನನಗೆ ಒಬ್ಬಳು ತಂಗಿ ಇದ್ದಳು, ಈ ಮಕ್ಕಳಷ್ಟೇ ವಯಸ್ಸು. ಹೊಳೆ ನುಗ್ಗಿದಾಗ ಎಲ್ಲರೂ ಓಡಿದರು. ಅವಳು ಹೆದರಿ ಕಣಜದ ಹಿಂದೆ ಅವಿತುಕೊಂಡಳು. ಅವಳಿಗೆ ಎಲ್ಲಿಗೆ ಓಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ." ಅಷ್ಟು ಹೇಳಿ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

ನಮ್ಮೂರಿಗೆ ಎರಡು ಹೊಳೆ. ಕಾವೇರಿ ತುಂಬಿದ್ದಾಗ ಕಪಿಲೆಯೂ ಬಂದರೆ ನೀರು ಹೋಗಲು ದಾರಿಯಿಲ್ಲದೆ ಹಿಂದಕ್ಕೆ ಒತ್ತುತ್ತದೆ. ಎಳೆಯ ಮಕ್ಕಳಿಗೆ ಇದನ್ನು ಭಯ ಹುಟ್ಟಿಸದೆ ಹೇಳುವುದು ಹೇಗೆಂದು ಎಷ್ಟೋ ದಿನ ಯೋಚಿಸಿದೆ. ಕೊನೆಗೆ ಒಂದು ಆಟ ಕಟ್ಟಿದೆ. ನಾನು ತಟ್ಟೆ ಬಡಿದ ಕೂಡಲೇ ಎಲ್ಲರೂ ಎದ್ದು ಒಂದು ಹಗ್ಗ ಹಿಡಿದು ಸಾಲಾಗಿ ದಿಣ್ಣೆಯ ಛತ್ರಕ್ಕೆ ನಡೆಯಬೇಕು. ಪ್ರತಿ ಮಗುವೂ ತನ್ನ ಮುಂದಿರುವವರು ಯಾರೆಂದು ನೆನಪಿಟ್ಟುಕೊಳ್ಳಬೇಕು. ನಡೆಯುವಾಗ ಹೇಳಲು ಒಂದು ಪದ:

"ಹೊಳೆ ಬಂತು, ದಿಣ್ಣೆ ಹತ್ತು,
ಹಗ್ಗ ಬಿಡಬ್ಯಾಡ, ಹಿಂದಕ್ಕೆ ಓಡಬ್ಯಾಡ."

ಛತ್ರ ತಲುಪಿದರೆ ಎಲ್ಲರಿಗೂ ಒಂದೊಂದು ಚೂರು ಬೆಲ್ಲ. ಸಂಘದವರು ಅಲ್ಲಿಯ ಕೋಣೆಯಲ್ಲಿ ರಾಗಿ ಹಿಟ್ಟು, ಒಣಸೌದೆ, ಚಾಪೆ, ಕಂಬಳಿಗಳನ್ನು ಮೊದಲೇ ತುಂಬಿಟ್ಟರು. ಊರವರು ನಕ್ಕರು. "ಅಕ್ಸರ ಕಲ್ಸಿ ಅಂದ್ರೆ ಕರುಗಳ ಥರ ಹಗ್ಗಕ್ಕೆ ಕಟ್ಟಿ ಮೇಯಿಸ್ತಾರಲ್ಲಪ್ಪ" ಎಂದು ಬಾವಿಕಟ್ಟೆಯ ಹತ್ತಿರ ಹೆಂಗಸರು ಅಂದದ್ದನ್ನು ನನ್ನ ಕಿವಿಯಾರೆ ಕೇಳಿದೆ.

ಮಾರನೆಯ ವರ್ಷದ ಆಷಾಢ. ನಮ್ಮೂರಲ್ಲಿ ಹನಿ ಮಳೆಯಿಲ್ಲ, ಚೆನ್ನಾಗಿ ಬಿಸಿಲು. ಮಳೆಯೆಲ್ಲ ದೂರದ ವೈನಾಡಿನ ಬೆಟ್ಟಗಳಲ್ಲಿ. ಅಂದು ಸಂತೆಯ ದಿನವಾದ್ದರಿಂದ ಮಕ್ಕಳ ಮನೆಗೆ ರಜ. ಗಂಡಸರು ಸಂತೆಯಲ್ಲಿದ್ದರು, ಹೆಂಗಸರು ದೂರದ ಗದ್ದೆಗಳಲ್ಲಿ. ಹೊತ್ತು ಇಳಿಯುವ ವೇಳೆಗೆ ತಮಟೆ ಸದ್ದು ಕೇಳಿತು. "ಒಳೆ ಬತ್ತಾ ಅದೆ, ಒಳೆ!" ಎಂದು ಸಾರುವವನು ಕೂಗುತ್ತಾ ಓಡುತ್ತಿದ್ದ. ನಾನು ಕುಟ್ಟುತ್ತಿದ್ದ ಒನಕೆಯನ್ನು ಬಿಟ್ಟು ಬೆಸ್ತರ ಕೇರಿಗೆ ಓಡಿದೆ.

ಕೇರಿಯಲ್ಲಿ ಒಂದು ಮಗುವೂ ಇರಲಿಲ್ಲ. ಬಾಗಿಲುಗಳು ತೆರೆದಿದ್ದವು, ಒಲೆಯ ಮೇಲೆ ಮಡಕೆಗಳು ಹಾಗೇ ಇದ್ದವು. ಕೆಂಪು ನೀರು ಆಗಲೇ ಬೀದಿಯ ತಗ್ಗಿಗೆ ಬಂದಿತ್ತು. ಒಂದೊಂದು ಮನೆಗೂ ನುಗ್ಗಿ, ಕಣಜಗಳ ಹಿಂದೆಲ್ಲ ಹುಡುಕಿದೆ. ಆಗ ದಿಣ್ಣೆಯ ಕಡೆಯಿಂದ ಗಾಳಿಯಲ್ಲಿ ತೇಲಿ ಬಂತು: "ಹಗ್ಗ ಬಿಡಬ್ಯಾಡ..."

ಛತ್ರದ ಮೆಟ್ಟಿಲ ಮೇಲೆ ಮಕ್ಕಳು ಸಾಲಾಗಿ ಕೂತಿದ್ದವು. ಬಲೆ ಒಣಹಾಕುವ ಹಗ್ಗವನ್ನು ಬಿಚ್ಚಿ ತಂದಿದ್ದವು. ಅದರ ಬಾಲದ ತುದಿಯನ್ನು ಕಣ್ಣು ಕಾಣದ ಅಜ್ಜಿ ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಿತ್ತು. ಕೇರಿಯ ಇನ್ನಿಬ್ಬರು ಮುದುಕಿಯರೂ ಏದುಸಿರು ಬಿಡುತ್ತ ಹಿಂದೆಯೇ ಬಂದಿದ್ದರು.

"ತಮಟೆ ಸದ್ದು ಕೇಳಿ ನಮ್ಮುಡ್ಗಿ ಬಂದು, ಇಡ್ಕೋ ಅಗ್ಗ, ಮಾತಾಡ್ಬ್ಯಾಡ ಅಂತು. ಇಡ್ಕೊಂಡೆ ಕಣವ್ವ" ಎಂದಿತು ಅಜ್ಜಿ.

ನಾನು ಆ ಹುಡುಗಿಯನ್ನು ಅಪ್ಪಿಕೊಳ್ಳಲು ಹೋದರೆ ಅವಳು ತಳ್ಳಿದಳು. "ತಡೀರಿ ಮೇಷ್ಟ್ರವ್ವ, ಇನ್ನೂ ಕೇಳ್ತಾ ಇವ್ನಿ." ಒಬ್ಬೊಬ್ಬರ ಮುಂದೆ ನಿಂತು, ನಿನ್ನ ಮುಂದ್ಲೋರು ಇದ್ದಾರಾ ಎಂದು ಕೇಳುತ್ತ ಬಂದಳು. ನಡುವೆ ಒಂದು ಮಗು, "ನನ್ ಮುಂದ್ಲೋಳು ಇಲ್ಲ. ಆಡ್ಮರಿ ತತ್ತೀನಿ ಅಂತ ಇಂದಕ್ಕೆ ಓಗ್ಬುಟ್ಲು" ಎಂದಿತು.

ಅಷ್ಟರಲ್ಲಿ ಬೆಲ್ಲದ ಹಿರಿಯರು ಅಂಗಡಿ ಬಿಟ್ಟು ಬಂದಿದ್ದರು. ಮಾತು ಕಿವಿಗೆ ಬಿದ್ದದ್ದೇ ತಡ, ಪಂಚೆ ಎತ್ತಿ ಕಟ್ಟಿ ಇಳಿಜಾರಿನಲ್ಲಿ ಓಡಿದರು. ನಾನೂ ಓಡಿದೆ. ಬೀದಿಯಲ್ಲಿ ನೀರು ಮೊಣಕಾಲು ದಾಟಿತ್ತು. ಆ ಕೂಸು ಒಂದು ಎತ್ತರದ ಜಗಲಿಯ ಮೇಲೆ ಮರಿಯನ್ನು ತಬ್ಬಿಕೊಂಡು, ಒಂಟಿಯಾಗಿ ನಿಂತು, ಅಳುತ್ತಲೇ ನಮ್ಮ ಪದ ಹೇಳುತ್ತಿತ್ತು. ಹಿರಿಯರು ಮಗುವನ್ನು ಹೆಗಲಿಗೇರಿಸಿಕೊಂಡರು. ಮರಿಯನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡೆ. ದಿಣ್ಣೆ ಏರುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. "ಇಳಿಸಿ, ನಾನು ಎತ್ಕೋತೀನಿ" ಎಂದರೆ ಕೇಳಲಿಲ್ಲ. ಮೇಲೆ ಮುಟ್ಟಿದ ಮೇಲೂ ಮಗುವನ್ನು ಕೆಳಗಿಳಿಸದೆ, ಕಂಬಕ್ಕೊರಗಿ ತುಂಬಾ ಹೊತ್ತು ಕೂತಿದ್ದರು.

ದೀಪ ಹಚ್ಚುವ ಹೊತ್ತಿಗೆ ತಾಯಂದಿರು ಸುತ್ತು ದಾರಿಯಿಂದ ಗೋಳಾಡುತ್ತ ಓಡಿ ಬಂದರು. ಮಕ್ಕಳು ಬೆಲ್ಲ ಚೀಪುತ್ತಿದ್ದವು. ಹಗ್ಗದ ಮಾತಾಡಿ ನಕ್ಕಿದ್ದ ಹೆಂಗಸೊಬ್ಬಳು ತನ್ನ ಮಗನ ಕೈಕಾಲು, ತಲೆ, ಬೆನ್ನು ಎಲ್ಲ ತಡವಿ ನೋಡಿ, ನನ್ನ ಪಕ್ಕದಲ್ಲಿ ಕೂತು, ನನ್ನ ಒದ್ದೆ ಸೀರೆಯ ಅಂಚನ್ನು ಹಿಂಡತೊಡಗಿದಳು.

ನೀರು ಇಳಿಯುವವರೆಗೆ ಕೇರಿಯೆಲ್ಲ ಛತ್ರದಲ್ಲೇ ಇತ್ತು. ನಮ್ಮತ್ತೆ ಮರುದಿನ ಬೆಳಿಗ್ಗೆ ಮಜ್ಜಿಗೆಯ ಗಡಿಗೆ ಹೊತ್ತು ಬಂದರು. ಕೂಡಿಟ್ಟಿದ್ದ ಹಿಟ್ಟು ತೆಗೆಸಿ, ಒಲೆ ಹೂಡಿ, ಅಂಬಲಿ ಕಾಸುತ್ತ ಕಂಡಕಂಡವರಿಗೆಲ್ಲ, "ನನ್ನ ಸೊಸೆ ನಂಜನಗೂಡಲ್ಲಿ ಓದಿದೋಳು ಕಣ್ರೀ" ಎಂದು ಹೇಳುತ್ತಿದ್ದರು.

ಹೊಳೆ ನಮ್ಮ ಮಕ್ಕಳ ಮನೆಯ ಗೋಡೆಗಳನ್ನು ಕರಗಿಸಿಕೊಂಡು ಹೋಗಿತ್ತು. ಸಂಘದವರು ದಿಣ್ಣೆಯ ಮೇಲೆ ಜಾಗ ಕೊಟ್ಟರು. ಬೆಸ್ತರು ಕಲ್ಲು ಹೊತ್ತರು, ರೈತರು ಹುಲ್ಲು ತಂದರು, ಹೆಂಗಸರು ನೆಲ ಸಾರಿಸಿದರು. ಹೊಸ ಮನೆ ಹಿಂದಿನದಕ್ಕಿಂತ ದೊಡ್ಡದಾಯಿತು, ಅಲ್ಲಿ ಗಾಳಿಯೂ ಚೆನ್ನಾಗಿ ಬರುತ್ತಿತ್ತು.

ಕೆಲವು ವರ್ಷಗಳ ಮೇಲೆ ಗಂಡನಿಗೆ ನಂಜನಗೂಡಿಗೆ ವರ್ಗವಾಯಿತು. ಅಲ್ಲೂ ಕಪಿಲೆಯ ದಡದಲ್ಲೇ ಬಿಡಾರ. ನರಸೀಪುರದ ಸುದ್ದಿ ನನಗಿಂತ ಮುಂಚೆಯೇ ಅಲ್ಲಿಗೆ ಮುಟ್ಟಿತ್ತು. ಸಾಮಾನು ಇಳಿಸಿ ಇನ್ನೂ ಕಸ ಗುಡಿಸಿರಲಿಲ್ಲ. ಬೀದಿಯ ಇಬ್ಬರು ತಾಯಂದಿರು ಸೊಂಟದಲ್ಲಿ ಒಂದೊಂದು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಯಾವತ್ತಿಂದ ಕಳಿಸೋಣವ್ವ?" ಎಂದು ಒಬ್ಬಳು ಕೇಳಿದಳು.

ನಾನು ಪೊರಕೆಯನ್ನು ಗೋಡೆಗೊರಗಿಸಿ ಅವರನ್ನು ಒಳಗೆ ಕರೆದೆ.