ಪೂರ್ವಕ್ಕೆ ತಿರುಗಿದ ಬಾಗಿಲು

ದೆವ್ವ, ಗಾಳಿ, ಶಕುನ ಅಂದರೆ ನನಗೆ ನಗು ಬರುತ್ತಿತ್ತು. ಹೊಸೂರಿನ ಫ್ಯಾಕ್ಟರಿಯೊಂದರ ಬಸ್ಸನ್ನು ಮೂವತ್ತು ವರ್ಷ ಓಡಿಸಿದವನು ನಾನು. ಶಿಫ್ಟು ಮುಗಿಸಿದವರನ್ನು ಊರೂರಿಗೆ ಇಳಿಸಿ ಬರುವಾಗ ಮೋರಿಯ ಹತ್ತಿರ ಏನೋ ಕಂಡಿತು ಅಂತ ಬೇರೆ ಡ್ರೈವರುಗಳು ಹೇಳುತ್ತಿದ್ದರು. ಅದೇ ಮೋರಿಯಲ್ಲಿ ನನಗೆ ಕಂಡದ್ದು ಮಲಗಿದ್ದ ಎಮ್ಮೆಗಳು ಮಾತ್ರ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಹಳೆಯ ಬಸ್ಸೊಂದನ್ನು ಕೊಂಡೆ. ಜೂಜುವಾಡಿಯ ಶೆಡ್ಡಿನಲ್ಲಿ ಸೀಟುಗಳನ್ನೆಲ್ಲ ಕೀಳಿಸಿ ಅದನ್ನೇ ಮನೆ ಮಾಡಿಸಿದೆ. ಮಂಚ, ಒಲೆ, ನೀರಿನ ಟ್ಯಾಂಕು, ಸಣ್ಣದೊಂದು ಬಚ್ಚಲು. ಬಾಡಿಗೆ ಮನೆ ಬಿಟ್ಟು ನಾನೂ ನನ್ನ ಹೆಂಡತಿ ಜಯಮ್ಮನೂ ಅದರಲ್ಲೇ ಊರು ಸುತ್ತತೊಡಗಿದೆವು. ಹೊರಗಿನಿಂದ ನೋಡಿದವರಿಗೆ ರಾಜಯೋಗ. ಒಳಗಿದ್ದವರಿಗೆ ಗೊತ್ತು, ನೀರು ಹುಡುಕುವುದರಲ್ಲಿ, ನಿಲ್ಲಿಸಲು ಜಾಗ ಬೇಡುವುದರಲ್ಲಿ ದಿನವೇ ಮುಗಿದುಹೋಗುತ್ತದೆ.

ಅದರ ಮೇಲೆ ಜಯಮ್ಮನದೊಂದು ನೇಮ. ಎಲ್ಲಿ ನಿಲ್ಲಿಸಿದರೂ ಬಾಗಿಲು ಪೂರ್ವಕ್ಕಿರಬೇಕು, ದಕ್ಷಿಣಕ್ಕಂತೂ ಕೂಡದೇ ಕೂಡದು. ಬಸ್ಸಿನ ಬಾಗಿಲು ಎಡಗಡೆ ತಾನೆ, ಅದಕ್ಕೆ ಮೂತಿಯನ್ನು ಯಾವಾಗಲೂ ದಕ್ಷಿಣಕ್ಕೆ ತಿರುಗಿಸಿಯೇ ನಿಲ್ಲಿಸಬೇಕಿತ್ತು. ಅಷ್ಟುದ್ದದ ಗಾಡಿಯನ್ನು ದಿನಾ ಸಂಜೆ ಹಿಂದೆ ಮುಂದೆ ಮಾಡಿ ಮಾಡಿ ನನ್ನ ತೋಳು ಬಿದ್ದುಹೋಗುತ್ತಿತ್ತು.

ಆ ದಿನ ಕೃಷ್ಣಗಿರಿಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು, ಆಮೇಲೆ ರಾಯಕೋಟೆ ದಾಟಿ ಉದ್ದನಪಲ್ಲಿ ಹತ್ತಿರ ಬರುವಷ್ಟರಲ್ಲಿ ಸಂಜೆಯಾಗಿತ್ತು. ಕ್ಲಚ್ಚು ತುಳಿದೂ ತುಳಿದೂ ಎಡಗಾಲು ನನ್ನದೇ ಅಲ್ಲ ಅನ್ನಿಸುತ್ತಿತ್ತು. ತಿಮ್ಮರಾಯಪ್ಪ ಅನ್ನುವ ರೈತ, ಟೊಮೇಟೊ ಕಿತ್ತು ಮುಗಿದ ತನ್ನ ಹೊಲದಲ್ಲಿ ನಿಲ್ಲಿಸಿಕೊಳ್ಳಿ ಅಂದ. ರಸ್ತೆಯಿಂದ ನೇರ ಒಳಕ್ಕೆ ನುಗ್ಗಿಸಿ, ಎಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟೆ. ಮುಳುಗುವ ಸೂರ್ಯ ಮುಂದಿನ ಗಾಜಿಗೇ ಹೊಡೆಯುತ್ತಿದ್ದ. ಅಂದರೆ ಬಾಗಿಲು ದಕ್ಷಿಣಕ್ಕೆ.

ಜಯಮ್ಮ ತಿರುಗಿಸಿ ಅಂದಳು. ನನ್ನ ಕೈಲಾಗುವುದಿಲ್ಲ ಅಂದೆ. ಬಸ್ಸಿಗೆ ಯಾವ ದಿಕ್ಕು, ಬೆಳಗಾದರೆ ಹೊರಡುವುದೇ ಅಲ್ಲವೇ ಅಂತ ರೇಗಿದೆ. ಅವಳು ಗೂಡಿನಿಂದ ಚೀಲ ಇಳಿಸಿದಳು.

"ಬಾಡ್ಗೆ ಮನೇಲಿ ಬಾಗ್ಲು ಎತ್ಲಾಗಿದ್ರೂ ಬಾಯಿ ಮುಚ್ಕೊಂಡಿದ್ದೆ. ಇದು ನಂದು ಅಂತ ಕೇಳ್ದೆ. ಆಗಲ್ಲ ಅಂದ್ರೆ ನಾಳೆ ಹೊಸೂರಿಗೆ ಅಕ್ಕನ ಮನೆಗೆ ಹೋಗ್ಬುಡ್ತೀನಿ. ಇನ್ನು ಬರಾಕಿಲ್ಲ."

ಹೇಳಿದವಳೇ ಚೀಲಕ್ಕೆ ಸೀರೆಗಳನ್ನು ತುಂಬಿಕೊಂಡಳು. ಒಂದು ಹೇಳಿದಳೆಂದರೆ ಮಾಡುವವಳು ಅವಳು. ಅವಳಿಲ್ಲದಿದ್ದರೆ ಆ ಬಸ್ಸು ಬರೀ ತಗಡು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಎದ್ದು ತಿರುಗಿಸಿಬಿಡೋಣ ಅಂತ ಮನಸ್ಸು ಹೇಳಿತು, ಮೈ ಏಳಲಿಲ್ಲ. ಕೀಲಿಯನ್ನು ದಿಂಬಿನ ಕೆಳಗಿಟ್ಟು ಮಲಗಿದವನಿಗೆ ಎಚ್ಚರವಾದದ್ದು ಬೆಳಗಾದ ಮೇಲೆಯೇ.

ತೆರೆದ ಬಾಗಿಲಿನಿಂದ ಎಳೆ ಬಿಸಿಲು ಬಂದು ಒಲೆಯ ಮುಂದೆ ಬಿದ್ದಿತ್ತು. ಜಯಮ್ಮ ಮೆಟ್ಟಿಲ ಕೆಳಗೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದಳು. ಸೀರೆಗಳು ಮತ್ತೆ ಗೂಡಿಗೆ ಸೇರಿದ್ದವು. ದಕ್ಷಿಣದ ಬಾಗಿಲಿನಿಂದ ಬೆಳಗಿನ ಬಿಸಿಲು ಹೇಗೆ ಬಂತು ಅನ್ನುವ ಪ್ರಶ್ನೆ ಹೊಳೆಯಲು ನನಗೆ ಹೊತ್ತು ಹಿಡಿಯಿತು.

ಇಳಿದು ನೋಡಿದೆ. ಬಸ್ಸಿನ ಮೂತಿ ದಕ್ಷಿಣಕ್ಕಿತ್ತು. ನಾನು ಕೊಟ್ಟ ಕಲ್ಲುಗಳು ಚಕ್ರಗಳಿಗೆ ಒತ್ತಿಕೊಂಡೇ ಇದ್ದವು. ಹಿಂದಿನ ಸಂಜೆ ಬಂದ ಚಕ್ರದ ಗುರುತು ಮೆತ್ತನೆ ಮಣ್ಣಿನಲ್ಲಿ ರಸ್ತೆಯಿಂದ ನೇರ ಬಂದು ಬಸ್ಸಿನ ಪಕ್ಕೆಗೆ ತಾಗಿ ನಿಂತಿತ್ತು. ತಿರುಗಿಸಿದ ಗುರುತು ಎಲ್ಲೂ ಇರಲಿಲ್ಲ. ಒಳಗೆ ಹೋಗಿ ದಿಂಬೆತ್ತಿದರೆ ಕೀಲಿ ಅಲ್ಲೇ ಇತ್ತು. ಜಯಮ್ಮನಿಗೆ ಸೈಕಲ್ ತುಳಿಯಲೂ ಬಾರದು. ನನಗೆ ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ಹಾಲು ತಂದ ತಿಮ್ಮರಾಯಪ್ಪ ಬಸ್ಸನ್ನು ಒಂದು ಸುತ್ತು ಹಾಕಿ ಬಂದ.

"ಯಾವಾಗ ತಿರುಗಿಸ್ಕೊಂಡ್ರಣ್ಣ? ನಾನು ಅಲ್ಲೇ ನಮ್ಮನೆ ಜಗಲಿ ಮೇಲೆ ಮಲ್ಗಿದ್ದೆ, ಸದ್ದೇ ಕೇಳ್ನಿಲ್ವಲ್ಲ."

ನಾನು ತಿರುಗಿಸಿಲ್ಲ ಅಂತ ಅವನಿಗೂ ಹೇಳಿದೆ, ಜಯಮ್ಮನಿಗೂ ಆಣೆ ಮಾಡಿ ಹೇಳಿದೆ. ಅವನು ನನ್ನ ಮುಖ ನೋಡಿ, ಹಾಲು ಮೆಟ್ಟಿಲ ಮೇಲಿಟ್ಟು ಹೊರಟುಹೋದ. ಅವಳು ಕಾಫಿ ಲೋಟ ಕೈಗಿಟ್ಟಳು. ಅಷ್ಟು ಮೃದುವಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು.

"ಮಾಡ್ಬುಟ್ಟು ಯಾಕ್ ನಾಚ್ಕೋತೀರಿ? ನೀವಲ್ದೆ ನನ್ ಮಾತು ಕೇಳೋರು ಇನ್ಯಾರವ್ರೆ?"

ಇದಾಗಿ ಕೆಲವು ವರ್ಷಗಳೇ ಕಳೆದವು. ನಿದ್ದೆಗಣ್ಣಿನಲ್ಲಿ ನಾನೇ ಎದ್ದು ಓಡಿಸಿದೆನೇ ಅಂತ ಯೋಚಿಸಿದ್ದೇನೆ. ಹಾಗಿದ್ದರೆ ಸದ್ದೆಲ್ಲಿ ಹೋಯಿತು, ಗುರುತೆಲ್ಲಿ ಹೋಯಿತು? ಆ ದಾರಿಯಲ್ಲಿ ಹೋದಾಗಲೆಲ್ಲ ಆ ಹೊಲವನ್ನು ನೋಡುತ್ತೇನೆ. ಅದು ಬರೀ ಹೊಲ.

ಈಗ ನನಗೆ ಮೊಣಕಾಲು ಹಿಡಿದಿದೆ, ಎದುರಿನ ಲೈಟು ಬಿದ್ದರೆ ಕಣ್ಣು ಮಂಜಾಗುತ್ತದೆ. ಬಸ್ಸು ಮಾರಿ ಹೊಸೂರಿನಲ್ಲಿ ಒಂದು ಕೋಣೆ ಹಿಡಿಯೋಣ ಅಂದರೆ ಜಯಮ್ಮ ಒಪ್ಪುವುದಿಲ್ಲ. ಅಷ್ಟು ಸುಸ್ತಿನಲ್ಲೂ ನೀವು ನನಗೋಸ್ಕರ ಎದ್ದು ತಿರುಗಿಸಿದ ಮನೆ, ಅದನ್ನು ಮಾರುವುದುಂಟೇ ಅನ್ನುತ್ತಾಳೆ. ನಾನಲ್ಲ ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ. ಅದನ್ನು ತಿರುಗಿಸಿದ್ದು ಯಾರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಅವಳಿಗೆ ಮಾತ್ರ ಗೊತ್ತು, ಅದು ನಾನೇ ಅಂತ.