ಹುಳು ಹುಡುಕಿಕೊಂಡು ಅಕ್ಕನ ಊರಿಗೆ

ಶನಿವಾರ ಬೆಂಗಳೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಹೊರಟು ಚನ್ನಪಟ್ಟಣದಲ್ಲಿ ಇಳಿದೆ. ಬಂದದ್ದು ಬೊಂಬೆಗಲ್ಲ, ಬೊಂಬೆಗೆ ಆಗದ ಮರಕ್ಕೆ. ಮರ ಕೊರೆಯುವ ಹುಳುವಿನ ಕರುಳಲ್ಲಿ ಯೀಸ್ಟ್ ಇರುತ್ತದೆ, ಬ್ರೆಡ್ ಉಬ್ಬಿಸುವ ಯೀಸ್ಟಿನ ದಾಯಾದಿ. ಅದರ ನೆರವಿದ್ದರೇ ಹುಳುವಿಗೆ ಮರ ಅರಗುವುದು. ಸೋಮವಾರ ಅದನ್ನು ತೋರಿಸುತ್ತೇನೆಂದು ನಾನು ಪಾಠ ಮಾಡುವ ಕಾಲೇಜಿನ ಹುಡುಗರ ಮುಂದೆ ಜಂಬ ಕೊಚ್ಚಿ ಬಂದಿದ್ದೆ. ಹುಳು ಜೀವಂತವಾಗಿರಬೇಕಿತ್ತು.

ಬೊಂಬೆ ಮಾಡುವ ರಫೀಕ್ ಸಾಹೇಬರು ಹುಳು ಹೊಡೆದ ಹಾಲೆ ಮರದ ತುಂಡೊಂದನ್ನು ನಗುತ್ತಲೇ ಸೀಳಿಕೊಟ್ಟರು. ಒಳಗಿದ್ದ ನಾಲ್ಕು ಬಿಳಿ ಹುಳುಗಳನ್ನು ಮರದ ಹೊಟ್ಟಿನ ಸಮೇತ ಊಟದ ಡಬ್ಬಿಗೆ ಹಾಕಿಕೊಂಡೆ. ಅಲ್ಲಿಂದ ಅಕ್ಕನ ಊರು ವಿರೂಪಾಕ್ಷಿಪುರದ ಬಸ್ಸು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಸೀಟು ಮಾತ್ರ ಪುಣ್ಯವಂತರಿಗೆ.

ನನ್ನಕ್ಕ ರೇಷ್ಮೆ ಹುಳು ಸಾಕುವವಳು. ರಾತ್ರಿ ಮುದ್ದೆ, ಉಪ್ಪುಸಾರು ಉಂಡು, ಡಬ್ಬಿಯನ್ನು ಅವಳ ವಶಕ್ಕೆ ಕೊಟ್ಟು ಮಲಗಿದೆ. ಹುಳುವಿನ ವಿಷಯದಲ್ಲಿ ಅವಳಿಗಿಂತ ನಂಬಿಕಸ್ಥರು ಯಾರಿದ್ದಾರೆ?

ಬೆಳಿಗ್ಗೆ ನೋಡಿದರೆ ಹೊಟ್ಟು ತಿಪ್ಪೆ ಸೇರಿತ್ತು. ಹಿಪ್ಪುನೇರಳೆ ಸೊಪ್ಪಿನ ಮೇಲೆ ನನ್ನ ಹುಳುಗಳು ಸುಣ್ಣ ಬಳಿದುಕೊಂಡು ಸತ್ತಿದ್ದವು.

"ಕಸದಲ್ಲಿ ಬಿದ್ದಿದ್ವು ಕಣೆ, ಸೊಪ್ಪು ಹಾಕ್ದೆ. ಮೂಸೂ ನೋಡ್ಲಿಲ್ಲ. ಜ್ವರಕ್ಕೆ ಕೂತವೆ ಅಂತ ಒಸಿ ಸುಣ್ಣ ಹೊಡ್ದೆ" ಎಂದಳು.

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನಿರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ, ಆಗ ಸುಣ್ಣ ಉದುರಿಸುತ್ತಾರೆ. ಅಷ್ಟು ಅಕ್ಕರೆಯಿಂದ ಕೊಂದಿದ್ದಳು. ನಾನು ಬಾಯಿಗೆ ಬಂದಂತೆ ರೇಗಿದೆ. ಅಕ್ಕ ಕಾಫಿಯನ್ನೂ ಮುಟ್ಟದೆ ಕೂತಳು, ನನಗೇ ಕೆಟ್ಟದೆನಿಸಿತು.

ಆಮೇಲೆ ಎದ್ದು ನನ್ನನ್ನು ಹುಳುಮನೆಗೆ ಕರೆದೊಯ್ದಳು. ರೇಷ್ಮೆ ಹುಳುವಿನ ತಟ್ಟೆಗಳನ್ನು ಜೋಡಿಸಿದ್ದ ಮರದ ಸ್ಟ್ಯಾಂಡಿನ ಒಂದು ಕಾಲಿನ ಬುಡದಲ್ಲಿ ಹುಳು ಕೊರೆದ ಹೊಸ ಪುಡಿ ಉದುರಿತ್ತು. ದಿನಾ ಬೈದುಕೊಂಡೇ ಗುಡಿಸುತ್ತಿದ್ದಳಂತೆ. ಈಗ ತಟ್ಟೆಗಳನ್ನೆಲ್ಲ ಕೆಳಗಿಳಿಸಿ ಗರಗಸ ತಂದಳು. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಸ್ಟ್ಯಾಂಡ್ ಮುರಿಯಬೇಡವೆಂದು ಕೈ ಹಿಡಿದೆ.

"ಕಲ್ಲು ಕೊಟ್ರೆ ನಿಂತ್ಕತದೆ. ನಿನ್ ಹುಡುಗ್ರು ಕಾಯ್ತಾವ್ರಲ್ಲ."

ಹಳೇ ಸೀರೆಯಲ್ಲಿ ಸುತ್ತಿದ ಆ ಕಾಲನ್ನು ಮಗುವಿನಂತೆ ಎತ್ತಿಕೊಂಡು ಬಸ್ಸಿಗೆ ಕಾದೆವು. ಬಸ್ಸು ಬಂತು, ಅಕ್ಕ ಹತ್ತಲು ಬಿಡಲಿಲ್ಲ. ಸೀರೆ ಸರಿಸಿ ಮರಕ್ಕೆ ಕಿವಿಯಿಟ್ಟಳು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಅಕ್ಕನ ಮುಖ ನಿಧಾನವಾಗಿ ಅರಳಿತು.

"ತಿಂತಾ ಐತೆ ಕಣೆ" ಎಂದಳು. "ಇನ್ ಹೋಗು."